ಕೊನೇ ಸ್ಟಾಪಿನ ಹಿಂದಿನ ಕೆರೆ

ಫೆಬ್ರವರಿ ೯

ಹಲ್ಲಿನ ಡಾಕ್ಟರಮ್ಮನಿಗೆ,

ನಿನ್ನ ಕಾಗದ ಬಂತು. ಓದಿದೆ. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದೆ. ಸುಳ್ಳು ಹೇಳುವುದಾದರೆ ನಿನ್ನ ಅಪ್ಪನಿಗೆ ಹೇಳು. ಅವನು ನನ್ನ ತಮ್ಮ, ಚಿಕ್ಕಂದಿನಿಂದ ಯಾರು ಏನು ಹೇಳಿದರೂ ನಂಬುತ್ತಾನೆ. ನನ್ನ ಹತ್ತಿರ ಬೇಡ.

ನಾನು ಬಸ್ಸು ಓಡಿಸುತ್ತಿದ್ದ ರೂಟಿನ ಕೊನೇ ಸ್ಟಾಪಿನಲ್ಲಿ ಕೆರೆ ಇದೆ ಅಂತ ಬರೆದಿದ್ದೀಯ. ಶನಿವಾರ ಅಲ್ಲಿ ದೋಣಿ ತುಳಿದೆಯಂತೆ, ದಂಡೆಯ ಹುಲ್ಲಿನ ಮೇಲೆ ಬಿದ್ದುಕೊಂಡು ಬಿಸಿಲು ಕಾಯಿಸಿದೆಯಂತೆ. ಅರ್ಧ ಆಯುಷ್ಯ ಆ ಊರಿಗೆ ಹೋಗಿ ಬಂದವನು ನಾನು. ಅಲ್ಲಿ ಏನಿದೆ ಅಂತ ನನ್ನನ್ನು ಕೇಳು. ಒಂದು ಬಸ್ ಸ್ಟ್ಯಾಂಡು. ಚಿಲಕ ಬೀಳದ ಒಂದು ಕಕ್ಕಸು. ಒಂದು ಚಹಾದಂಗಡಿ, ಅವನಿಗೆ ಬೈದರೆ ಮಾತ್ರ ಸಕ್ಕರೆ ಹಾಕುತ್ತಾನೆ. ಸಿಮೆಂಟಿನ ನೀರಿನ ಟ್ಯಾಂಕು, ಅದರ ಕೆಳಗೆ ಡ್ರೈವರುಗಳು ಬೆನ್ನು ಚಾಚುವ ಕೋಣೆ. ಅಷ್ಟೇ ಊರು. ನನಗೆ ಕೆಲಸ ಕಲಿಸಿದ ಹಳೇ ಡ್ರೈವರು ಮೊದಲ ದಿನವೇ ಹೇಳಿದ್ದ, ಇಳಿದ ಮೇಲೆ ಡ್ರೈವರು ತನ್ನ ಬಸ್ಸು ಕಣ್ಣಿಗೆ ಕಾಣುವಷ್ಟು ದೂರಕ್ಕೇ ಹೋಗಬೇಕು, ಅದಕ್ಕಿಂತ ಮುಂದೆ ಹೋದವನು ಡ್ರೈವರಲ್ಲ, ಪ್ಯಾಸೆಂಜರು ಅಂತ. ಅಷ್ಟು ದೂರದಲ್ಲಿ ಕೆರೆ ಗಿರೆ ನನಗೆ ಯಾವತ್ತೂ ಕಂಡಿಲ್ಲ.

ಉಳಿದದ್ದೂ ಸರಿಯಿಲ್ಲ. ಶನಿವಾರ ಬಿಸಿಲೇರಿದ ಮೇಲೆ ಏಳುತ್ತೀಯ. ಹೋಟೆಲಿನಲ್ಲಿ ಒಬ್ಬಳೇ ನಾಲ್ಕು ಜನರ ಟೇಬಲ್ ಹಿಡಿದು ಕೂರುತ್ತೀಯ. ಹುರಿದ ಮೀನನ್ನು ರಸ್ತೆಯಲ್ಲಿ ನಡೆಯುತ್ತಾ ತಿನ್ನುತ್ತೀಯ. ಬೇರೆಯವರಿಗೆ ಹಲ್ಲು ಉಜ್ಜುವ ಬುದ್ಧಿ ಹೇಳುವ ಡಾಕ್ಟರು ಬೀದಿಯಲ್ಲಿ ಮುಳ್ಳು ಉಗುಳುತ್ತಾ ಹೋಗುವುದೆಂದರೆ ಏನು? ಕಲ್ಪಿಸಿಕೊಂಡೇ ಗಾಬರಿಯಾಯಿತು.

ಚಿಲ್ಲರೆ ಬಂದಿದ್ದ. ನಿನಗೆ ನೆನಪಿರಬೇಕು, ನನ್ನ ಬಸ್ಸಿನ ಕಂಡಕ್ಟರು, ಯಾರಿಗೂ ಬಾಕಿ ಚಿಲ್ಲರೆ ವಾಪಸು ಕೊಡದೆ ಆ ಹೆಸರು ಸಂಪಾದಿಸಿದವನು. ಅಲ್ಲಿ ಕೆರೆ ಇದೆಯೇನೋ ಎಂದು ಕೇಳಿದೆ. ಅವನು ನನ್ನ ಮುಖ ಬಿಟ್ಟು ಬಾಗಿಲು ನೋಡಿ, ತಾನು ಟಿಕೆಟ್ ಹರಿಯುವವನು, ಊರಿನ ಸುದ್ದಿ ತನಗೇನು ಗೊತ್ತು ಎಂದ. ನಿನ್ನ ದೊಡ್ಡಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳೂ ನಿನ್ನ ಕಾಗದ ಓದಿದಳು. ಮಡಿಚಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಳು.

ಫೋನು ಮಾಡಬೇಡ. ಎಂಜಿನ್ ಪಕ್ಕ ಕೂತು ಕೂತು ಕಿವಿ ಹೋಗಿದೆ. ನೀನು ಒಂದು ಹೇಳಿದರೆ ನಾನು ಇನ್ನೊಂದಕ್ಕೆ ಸಿಟ್ಟು ಮಾಡಿಕೊಳ್ಳುತ್ತೇನೆ. ಬರೆ. ನಿಜ ಬರೆ.

ದೊಡ್ಡಪ್ಪ


ಫೆಬ್ರವರಿ ೧೮

ದೊಡ್ಡಪ್ಪನಿಗೆ ನಮಸ್ಕಾರ,

ನಿಮ್ಮ ಕಾಗದವನ್ನು ಕ್ಲಿನಿಕ್ಕಿನಲ್ಲೇ ಒಡೆದು ಓದಿ ನಕ್ಕುಬಿಟ್ಟೆ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಮನುಷ್ಯ, ತನ್ನ ಹಲ್ಲು ನೋಡಿ ನಕ್ಕಳು ಅಂದುಕೊಂಡು ಬಾಯಿ ಮುಚ್ಚಿಬಿಟ್ಟ. ಮತ್ತೆ ತೆರೆಸುವುದಕ್ಕೆ ಬಹಳ ಸಮಾಧಾನ ಹೇಳಬೇಕಾಯಿತು.

ಕೆರೆ ಇದೆ ದೊಡ್ಡಪ್ಪ. ಬಸ್ ಸ್ಟ್ಯಾಂಡಿನ ಬೆನ್ನಿಗೇ ಇದೆ. ಕೊಡೆ ರಿಪೇರಿ ಅಂಗಡಿಯ ಪಕ್ಕದ ಓಣಿ ಹಿಡಿದರೆ ಮೊದಲು ಬಟ್ಟೆ ಒಣಹಾಕಿದ ಹಿತ್ತಿಲುಗಳು, ಆಮೇಲೆ ತಗ್ಗು, ತಗ್ಗು ಇಳಿದರೆ ಕಣ್ಣು ಹೋಗುವಷ್ಟೂ ನೀರು. ದಂಡೆಯಲ್ಲಿ ಒಬ್ಬ ದಪ್ಪ ಅಜ್ಜಿ ದೋಣಿ ಬಾಡಿಗೆಗೆ ಕೊಡುತ್ತಾಳೆ. ಕಾಲಲ್ಲಿ ತುಳಿಯುವ ದೋಣಿ. ಒಂದಕ್ಕೆ ಬಾತುಕೋಳಿಯ ತಲೆ ಇದೆ, ಅದರ ಕೊಕ್ಕು ಮುರಿದಿದೆ. ಫೋಟೋ ಇಟ್ಟಿದ್ದೇನೆ, ನಂಬಿಕೆ ಬಾರದಿದ್ದರೆ ನೋಡಿ.

ನನ್ನ ಶನಿವಾರ ನಿಮಗೆ ಗಾಬರಿ ಹುಟ್ಟಿಸುತ್ತದೆ, ಗೊತ್ತು. ಆದರೆ ಐದು ದಿನ ನನ್ನ ಲೋಕ ಒಂದು ಬಾಯಿಯಷ್ಟೇ ಅಗಲ. ಸಣ್ಣ ದೀಪ, ಸಣ್ಣ ಕನ್ನಡಿ, ಯಾರದೋ ಹಿಂದಿನ ದವಡೆ. ಶುಕ್ರವಾರ ಸಂಜೆ ಹೊರಗೆ ಬಂದರೆ ದೂರದ್ದನ್ನು ನೋಡಲು ಕಣ್ಣು ಸ್ವಲ್ಪ ಹೊತ್ತು ಒಪ್ಪುವುದೇ ಇಲ್ಲ. ಅದಕ್ಕೇ ಊರು ಬಿಡುತ್ತೇನೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಯಾವುದು ಮೊದಲು ಹೊರಡುತ್ತದೋ ಅದನ್ನು ಹತ್ತುವುದು. ಒಂದು ವಾರ ಪಿಂಗಾಣಿ ಮಾಡುವ ಊರಿಗೆ ಹೋಗಿದ್ದೆ, ಅಲ್ಲಿ ಒಡೆದ ಬಟ್ಟಲುಗಳನ್ನು ಮನೆಯ ಗೋಡೆಗೆ ಮೆತ್ತಿಬಿಡುತ್ತಾರೆ, ಬಿಸಿಲು ಬಿದ್ದರೆ ಬೀದಿಯೇ ಹಲ್ಲು ಕಿಸಿದ ಹಾಗೆ. ಇನ್ನೊಂದು ಊರಿನ ಗೋಪುರದಲ್ಲಿ ನಾಲ್ಕು ಮುಖದ ಗಡಿಯಾರ ಇತ್ತು, ನಾಲ್ಕೂ ಬೇರೆ ಬೇರೆ ಸಮಯ. ಅಲ್ಲಿನವರು ತಮ್ಮ ತಮ್ಮ ಬೀದಿಯ ಮುಖವನ್ನು ನಂಬಿ ಆರಾಮವಾಗಿದ್ದಾರೆ. ಒಬ್ಬಳೇ ಊಟ ಮಾಡುವುದು, ಒಬ್ಬಳೇ ಸಿನಿಮಾ ನೋಡುವುದು, ಯಾರಿಗೂ ಎಲ್ಲಿದ್ದೇನೆಂದು ಹೇಳದೆ ಒಂದು ಮಧ್ಯಾಹ್ನ ಕಳೆಯುವುದು. ಇಷ್ಟೇ ನನ್ನ ಸುಖ.

ನೀವಿಬ್ಬರೂ ಒಂದು ಶನಿವಾರ ಬನ್ನಿ. ನಾನು ಆ ಕೊನೇ ಸ್ಟಾಪಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ನಿಮ್ಮ ಮಗಳು


ಮಾರ್ಚ್ ೩

ಡಾಕ್ಟರಮ್ಮನಿಗೆ,

ಫೋಟೋ ನೋಡಿದೆ. ದೋಣಿಯ ಹಿಂದೆ ಕಾಣುವ ಆ ಟ್ಯಾಂಕು ನಮ್ಮ ಟ್ಯಾಂಕೇ. ಅದರ ಹೊಟ್ಟೆಯ ಮೇಲಿನ ಬಿರುಕನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ಆದರೆ ನಾನು ಅದರ ಈ ಕಡೆ ಮಲಗುತ್ತಿದ್ದೆ, ನೀರು ಆ ಕಡೆ ಇತ್ತು. ಇಷ್ಟು ದೊಡ್ಡ ಕೆರೆಯನ್ನು ಒಂದು ಟ್ಯಾಂಕು ಮರೆಮಾಡುವುದೆಂದರೆ ನನಗೆ ಎರಡು ದಿನ ಊಟ ರುಚಿಸಲಿಲ್ಲ. ಚಿಲ್ಲರೆಗೆ ತೋರಿಸಿದರೆ, ಹೌದಲ್ಲ, ನೀರು, ಎಂದು ಎದ್ದು ಹೋದ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ವಯಸ್ಸಾಯಿತು, ಪಾಪ, ಬುದ್ಧಿ ಮಂದವಾಗಿದೆ.

ಅದಿರಲಿ. ಇದಕ್ಕಿಂತ ದೊಡ್ಡ ಆಘಾತ ಬೇರೆ ಇದೆ. ನಿನ್ನ ದೊಡ್ಡಮ್ಮ ಆ ಫೋಟೋವನ್ನು ಅಡುಗೆಮನೆಯ ಕಪಾಟಿಗೆ ಸಿಕ್ಕಿಸಿ, ನನ್ನ ತಟ್ಟೆಗೆ ಬಡಿಸುತ್ತಾ, ಈ ಶನಿವಾರ ತಾನು ಹೋಗಿ ಬರುವುದಾಗಿ ಹೇಳಿದಳು. ಕೇಳಲಿಲ್ಲ ಕಣೇ, ಹೇಳಿದಳು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ನಿನಗೆ ತಿಳಿಯದ ಸಂಗತಿ ಒಂದಿದೆ. ಅವಳಿಗೆ ಬಸ್ಸು ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಪಾಸು ಮಾಡಿಸಿ ಕೊಟ್ಟಿದ್ದೆ. ಡ್ರೈವರಿನ ಹೆಂಡತಿಗೆ ಪುಕ್ಕಟೆ, ಸೀಟೂ ನನ್ನ ಬೆನ್ನಿಗೇ. ಒಂದೇ ಒಂದು ಸಲ ಬಂದಳು. ಮನೆಗೆ ಬಂದವಳೇ ಹೊಟ್ಟೆ ತೊಳಸುತ್ತದೆ, ಇನ್ನು ಬಸ್ಸಿನ ಸಹವಾಸ ಬೇಡ ಎಂದಳು. ನಾನೂ ಬಲವಂತ ಮಾಡಲಿಲ್ಲ. ನೆಂಟರ ಮನೆಯ ಮದುವೆಗೂ ರೈಲಿನಲ್ಲೇ ಹೋಗುತ್ತಿದ್ದಳು. ನಾನು ರಿಟೈರಾಗಿ ಮನೆಯಲ್ಲಿ ಕೂತ ಮೇಲಂತೂ ಹೊಸಿಲು ದಾಟಿದರೆ ತರಕಾರಿಗೆ ಮಾತ್ರ, ಅದಕ್ಕೂ ನಾನೇ ಜೊತೆಗೆ ಹೋಗುತ್ತೇನೆ.

ನಾಳಿದ್ದು ಬರುತ್ತಾಳೆ, ಅದಕ್ಕೇ ಈ ಕಾಗದವನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಚಕ್ರದ ಮೇಲಿನ ಸೀಟು ಬೇಡ ಎಂದು ಹೇಳಿದ್ದೇನೆ. ಚೀಲದಲ್ಲಿ ನಿಂಬೆಹಣ್ಣು ಇಟ್ಟಿದ್ದೇನೆ, ವಾಂತಿಗೆ ಕವರ್ ಇಟ್ಟಿದ್ದೇನೆ. ಇಳಿದ ಕೂಡಲೇ ನೆರಳಲ್ಲಿ ಕೂರಿಸು. ಭಾನುವಾರ ಸಂಜೆಯ ಬಸ್ಸಿಗೆ ಹತ್ತಿಸು. ಮರೆತರೆ ನಿನ್ನ ಹಲ್ಲು ನಾನು ಕೀಳುತ್ತೇನೆ.

ದೊಡ್ಡಪ್ಪ


ಮಾರ್ಚ್ ೧೨

ದೊಡ್ಡಪ್ಪನಿಗೆ ನಮಸ್ಕಾರ,

ದೊಡ್ಡಮ್ಮ ಚೆನ್ನಾಗಿದ್ದಾರೆ. ವಾಂತಿ ಆಗಲಿಲ್ಲ. ಬಸ್ಸಿನ ಕೊನೆಯ ಸೀಟಿನಿಂದ ಇಳಿದರು, ಕೈಯಲ್ಲಿ ನೆಲಗಡಲೆಯ ಪೊಟ್ಟಣ ಖಾಲಿಯಾಗಿತ್ತು. ನಿಂಬೆಹಣ್ಣನ್ನು ಹೋಟೆಲಿನವನ ಹತ್ತಿರ ಕೊಟ್ಟು ಶರಬತ್ತು ಮಾಡಿಸಿಕೊಂಡೆವು.

ಓಣಿ ಇಕ್ಕಟ್ಟು, ಕೈ ಹಿಡಿದುಕೊಳ್ಳಿ ಅಂದೆ. ಅವರು ಆಗಲೇ ನನ್ನ ಮುಂದೆ ನಡೆಯುತ್ತಿದ್ದರು. ದಂಡೆಯ ಮೇಲೆ ಚಪ್ಪಲಿ ಬಿಟ್ಟು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತವರು ಸಂಜೆಯವರೆಗೆ ಏಳಲಿಲ್ಲ. ನಾನು ಪುಸ್ತಕ ಓದಿದೆ, ನಿದ್ದೆ ಮಾಡಿದೆ, ಎದ್ದೆ. ಅವರು ಹಾಗೇ ಕೂತಿದ್ದರು. ನಿಮ್ಮ ಬಗ್ಗೆ ಕೇಳಿದರೆ ನಗುತ್ತಾರೆ. ಬೇರೆ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.

ರಾತ್ರಿ ನನ್ನ ಊರಿನ ಕೋಣೆಯಲ್ಲಿ ಮಲಗಿದೆವು, ಭಾನುವಾರ ಸಂಜೆ ಮತ್ತೆ ಆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ. ಸ್ವಲ್ಪ ದಿನ ನಿನ್ನ ಕೋಣೆಯಲ್ಲಿ ಇರುತ್ತೇನೆ ಎಂದರು. ಇರಲಿ ಎಂದೆ. ನಾನು ಕ್ಲಿನಿಕ್ಕಿಗೆ ಹೋದಾಗ ಅವರು ಬೀದಿ ಸುತ್ತಿ ಬರುತ್ತಾರೆ. ಎಲ್ಲಿಗೆ ಹೋಗಿದ್ದಿರಿ ಅಂತ ನಾನು ಕೇಳುವುದಿಲ್ಲ.

ನಿಮ್ಮ ಮಗಳು


ಮಾರ್ಚ್ ೧೯

ನಿನಗೆ,

ಕೇಳುವುದಿಲ್ಲ ಅಂದರೆ ಏನು? ಕೇಳಬೇಕು. ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿ ಹೋಗಿದೆ. ಅಕ್ಕಪಕ್ಕದವರು ದಿನಾ ಒಬ್ಬೊಬ್ಬರಾಗಿ ಬಂದು, ಅಮ್ಮಾವ್ರು ಇಲ್ಲವಾ ಎಂದು ಬಗ್ಗಿ ನೋಡಿ ಹೋಗುತ್ತಾರೆ. ನಾನೇನು ಅವಳನ್ನು ಬಚ್ಚಿಟ್ಟಿದ್ದೇನಾ? ಬಸ್ಸು ಆಗದ ಹೆಂಗಸು ಬಸ್ಸಿನಲ್ಲಿ ಕಡಲೆ ತಿಂದಳಂತೆ, ವಾಪಸು ಬಸ್ಸು ಮಾತ್ರ ಹತ್ತುವುದಿಲ್ಲವಂತೆ. ನನಗೆ ತಲೆಬುಡ ತಿಳಿಯುತ್ತಿಲ್ಲ.

ಬರುವ ಶನಿವಾರ ನಾನೇ ಬರುತ್ತೇನೆ. ಇಬ್ಬರೂ ಆ ಕೆರೆಯ ಹತ್ತಿರವೇ ಇರಿ. ಅವಳ ಚೀಲ ಕಟ್ಟಿ ಇಟ್ಟಿರು.

ದೊಡ್ಡಪ್ಪ


ಮಾರ್ಚ್ ೨೭

ಮಗಳೇ,

ನೀನು ದೋಣಿಯಿಂದ ಇಳಿದು ಬರುವಷ್ಟರಲ್ಲಿ ನಾನು ಯಾಕೆ ಇರಲಿಲ್ಲ ಅಂತ ನಿನ್ನ ದೊಡ್ಡಮ್ಮ ಹೇಳಿರುತ್ತಾಳೆ. ಅವಳು ಹೇಳಿದ್ದು ಅವಳದು. ನನ್ನದು ನಾನು ಬರೆಯುತ್ತೇನೆ. ಅಕ್ಷರ ಓಡಿದರೆ ಹಿಡಿದು ಓದಿಕೋ.

ನಾನು ಪ್ಯಾಸೆಂಜರಾಗಿ ಆ ರೂಟಿನಲ್ಲಿ ಹೋದದ್ದು ಅದೇ ಮೊದಲು. ಡ್ರೈವರು ಎಳೆಯವನು, ತಿರುವಿನಲ್ಲಿ ಗೇರು ಇಳಿಸುವುದಿಲ್ಲ. ದಾರಿಯುದ್ದಕ್ಕೂ ನಾನು ಇಲ್ಲದ ಬ್ರೇಕು ತುಳಿದು ತುಳಿದು ಕಾಲು ನೋಯಿಸಿಕೊಂಡೆ. ಇಳಿದು, ಕೊಡೆ ಅಂಗಡಿ ಕೇಳಿಕೊಂಡು ಓಣಿಯಲ್ಲಿ ಹೋದೆ. ತಗ್ಗು ಇಳಿದೆ. ನಿನ್ನ ಫೋಟೋದಲ್ಲಿ ಅದು ಚಿಕ್ಕದು. ಕಣ್ಣೆದುರು ಹಾಗಿಲ್ಲ. ಅಷ್ಟು ನೀರನ್ನು ಒಟ್ಟಿಗೆ ನೋಡಿ ನನಗೆ ಒಂದು ಕ್ಷಣ ನೆಲವೇ ಜಾರಿದ ಹಾಗಾಯಿತು.

ನೀನು ದೂರದಲ್ಲಿ ಆ ಕೊಕ್ಕು ಮುರಿದ ಬಾತುಕೋಳಿಯ ಮೇಲೆ ಕೂತು ತುಳಿಯುತ್ತಿದ್ದೆ. ನಿನ್ನ ದೊಡ್ಡಮ್ಮ ದಂಡೆಯಲ್ಲಿ ದೋಣಿ ಅಜ್ಜಿಯ ಪಕ್ಕ ಕೂತಿದ್ದಳು. ಒಂದೇ ತಾಯಿಯ ಮಕ್ಕಳ ಹಾಗೆ ಒಬ್ಬರ ತೊಡೆಗೆ ಒಬ್ಬರು ತೊಡೆ ತಾಗಿಸಿ ಕಿತ್ತಳೆ ಸುಲಿಯುತ್ತಿದ್ದರು. ಮೂರು ವಾರದಲ್ಲಿ ಇಷ್ಟು ಸಲಿಗೆಯಾ ಅಂದುಕೊಂಡೆ. ಹತ್ತಿರ ಹೋಗಿ, ಹೊರಡು, ಬಸ್ಸಿಗೆ ಹೊತ್ತಾಯಿತು ಎಂದೆ. ಆ ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇವ್ರೇನಾ ನಿಮ್ಮ ಡ್ರೈವರು?" ಅಂತ ನಿನ್ನ ದೊಡ್ಡಮ್ಮನನ್ನು ಕೇಳಿದಳು. "ಇಷ್ಟು ವರ್ಷ ಬರೀ ಇವ್ರ ಬೆನ್ನಿನ ಸುದ್ದಿ ಹೇಳ್ತಿದ್ರಿ. ಮುಖಾನೂ ಇದೆಯಲ್ಲ."

ನನಗೆ ಅರ್ಥವಾಗಲಿಲ್ಲ. ಯಾವ ವರ್ಷ, ಯಾವ ಬೆನ್ನು ಎಂದೆ. ಅಜ್ಜಿ ತನಗೆ ದೋಣಿ ಕಟ್ಟುವುದಿದೆ ಎಂದು ಎದ್ದು ಹೋದಳು. ನಿನ್ನ ದೊಡ್ಡಮ್ಮ ಕಿತ್ತಳೆಯ ಸಿಪ್ಪೆಯನ್ನು ಒಂದೊಂದಾಗಿ ಕೂಡಿಸಿ ಕೈಯಲ್ಲಿ ಹಿಡಿದಳು. ಆಮೇಲೆ ಹೇಳಿದಳು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

ಅವಳು ನನ್ನ ಬಸ್ಸಿನಲ್ಲೇ ಇಲ್ಲಿಗೆ ಬರುತ್ತಿದ್ದಳಂತೆ. ಒಂದು ಸಲವಲ್ಲ, ಎರಡು ಸಲವಲ್ಲ. ವರ್ಷಾನುಗಟ್ಟಲೆ. ನಾನು ಬೆಳಿಗ್ಗೆ ಡಿಪೋಗೆ ಹೊರಟ ಮೇಲೆ ಬೀಗ ಹಾಕಿ ಮಾರ್ಕೆಟ್ ಸ್ಟಾಪಿಗೆ ಬಂದು ನಿಲ್ಲುತ್ತಿದ್ದಳಂತೆ. ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಕೂರುತ್ತಿದ್ದಳಂತೆ. ಇಲ್ಲಿ ಇಳಿದು, ನಾನು ಆ ಟ್ಯಾಂಕಿನ ಕೆಳಗೆ ಗೊರಕೆ ಹೊಡೆಯುವಷ್ಟು ಹೊತ್ತು ನೀರಲ್ಲಿ ಕಾಲು ಬಿಟ್ಟು ಕೂತು, ವಾಪಸು ನನ್ನ ಬಸ್ಸಿನಲ್ಲೇ ಬಂದು ಮಾರ್ಕೆಟ್ಟಿನಲ್ಲಿ ಇಳಿದು, ನಾನು ಡಿಪೋದಲ್ಲಿ ಬಸ್ಸು ತೊಳೆಸಿ ಒಪ್ಪಿಸಿ ಬರುವುದರೊಳಗೆ ಮನೆಯಲ್ಲಿ ಬಿಸಿನೀರು ಕಾಯಿಸಿ ಇಟ್ಟಿರುತ್ತಿದ್ದಳಂತೆ.

ನನ್ನ ತಲೆಯ ಮೇಲೆ ಕನ್ನಡಿ ಇತ್ತು ಮಗಳೇ, ಬಸ್ಸಿನ ಒಳಗೆಲ್ಲಾ ಕಾಣುವ ಕನ್ನಡಿ. ಡ್ರೈವರು ಅದರಲ್ಲಿ ನೋಡುವುದು ಹಿಂದಿನ ಬಾಗಿಲು ಹಾಕಿತೋ ಇಲ್ಲವೋ ಅಂತ. ಮುಖ ನೋಡಬಾರದು, ನೋಡಿದರೆ ರಸ್ತೆ ತಪ್ಪುತ್ತದೆ. ನನ್ನ ಹೆಂಡತಿ ಆ ಕನ್ನಡಿಯಲ್ಲಿ ಕೂತಿದ್ದಳು, ನಾನು ಬಾಗಿಲು ನೋಡಿದೆ.

ಹಾಗಾದರೆ ಈಗ ಯಾಕೆ ಮನೆಗೆ ಬಾರದೆ ಕೂತಿದ್ದೀಯ ಎಂದು ಕೇಳಿದೆ. ಅದಕ್ಕೆ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ನೀವು ರಿಟೈರಾಗಿ ಮನೇಲಿ ಕೂತ್ರಿ. ಅವತ್ತಿಂದ ನನಗೆ ಹೋಗೋಕೆ ಬಸ್ಸೇ ಇಲ್ಲ."

ತಿರುಗಿ ಬಂದು ಬಸ್ಸು ಹತ್ತಿದೆ. ಟಿಕೆಟ್ ತೆಗೆಯುವುದನ್ನೂ ಮರೆತಿದ್ದೆ, ಕಂಡಕ್ಟರಮ್ಮ ಭುಜ ಅಲುಗಿಸಿ ಕೇಳಿದಳು.

ನೀನು ಒಂದು ಕೆಲಸ ಮಾಡು. ಅವಳನ್ನು ಕೇಳು. ಪಾಸು ಇತ್ತು. ಮುಂದಿನ ಸೀಟು ಇತ್ತು. ಗಂಡನ ಬಸ್ಸು. ಕಳ್ಳಿಯ ಹಾಗೆ ಹಿಂದಿನ ಬಾಗಿಲಿಂದ ಹತ್ತುವಂಥದ್ದು ನಾನು ಏನು ಮಾಡಿದ್ದೆ? ಕೇಳಿ ಬರೆ. ನಾನು ಕೇಳುವುದಿಲ್ಲ. ಇನ್ನು ಮುಂದೆ ಅವಳನ್ನು ಏನೂ ಕೇಳುವುದಿಲ್ಲ.

ದೊಡ್ಡಪ್ಪ


ಏಪ್ರಿಲ್ ೬

ದೊಡ್ಡಪ್ಪನಿಗೆ ನಮಸ್ಕಾರ,

ನನಗೆ ಮೊದಲ ಶನಿವಾರವೇ ತಿಳಿಯಿತು. ದೋಣಿ ಅಜ್ಜಿ ದೊಡ್ಡಮ್ಮನನ್ನು ಕಂಡು, ಎಲ್ಲಿ ಸತ್ತು ಹೋಗಿದ್ರಿ ಇಷ್ಟು ದಿನ ಎಂದು ಕೆನ್ನೆ ಹಿಡಿದು ಅತ್ತಳು. ನಾನು ಬೆಪ್ಪಾಗಿ ನಿಂತಿದ್ದೆ. ನಿಮಗೆ ಬರೆಯಲು ಕೂತು ಹಾಳೆ ಹರಿದು ಹಾಕಿದೆ. ಅದು ನಾನು ಹೇಳುವ ಮಾತಲ್ಲ ಅನ್ನಿಸಿತು. ಬೈಯುವುದಿದ್ದರೆ ಬೈಯಿರಿ.

ನೀವು ಹೇಳಿದಂತೆ ಕೇಳಿದೆ. ಅವರು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ದಾರ ಕಚ್ಚಿ ತುಂಡು ಮಾಡಿ ಹೇಳಿದರು:

"ಪಾಸಲ್ಲಿ ಹೋದ್ರೆ ನಾನು ಡ್ರೈವರ್ ಹೆಂಡ್ತಿ. ಟಿಕೆಟ್ ತಗೊಂಡ್ರೆ ನಾನೂ ಒಬ್ಬಳು ಪ್ಯಾಸೆಂಜರು. ನಂಗೆ ಹಾಗೆ ಹೋಗ್ಬೇಕಿತ್ತು, ಅಷ್ಟೇ. ನಿಮ್ಮ ದೊಡ್ಡಪ್ಪ ಏನೂ ಮಾಡಿಲ್ಲ."

ಪಾಸಿನಲ್ಲಿ ಹೋದ ಆ ಒಂದು ದಿನ ನೀವು ದಾರಿಯುದ್ದಕ್ಕೂ ತಲೆ ತಿರುಗಿಸದೆ, ಕಿಟಕಿ ಹಾಕು, ಕೈ ಒಳಗೆ ಇಟ್ಟುಕೋ, ನೀರು ಕುಡಿಯಬೇಡ ಅನ್ನುತ್ತಿದ್ದಿರಂತೆ. ಕೊನೇ ಸ್ಟಾಪಿನಲ್ಲಿ ಇಳಿದು ನೋಡುತ್ತೇನೆ ಅಂದರೆ, ಇಲ್ಲಿ ನೋಡುವಂಥದ್ದು ಏನೂ ಇಲ್ಲ, ನನಗೆ ಗೊತ್ತು ಅಂದಿರಂತೆ. ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ, ನಿಮ್ಮ ದನಿ ತೆಗೆದು ಅಣಕಿಸಿ ಹೇಳಿದರು. ಇಬ್ಬರೂ ನಕ್ಕೆವು. ಕ್ಷಮಿಸಿ.

ಹಾಗಿದ್ದರೆ ಬೇರೆ ಯಾವುದಾದರೂ ಬಸ್ಸಿನಲ್ಲಿ ಹೋಗಬಹುದಿತ್ತಲ್ಲ, ಸಿಕ್ಕಿಬೀಳುವ ಭಯವೂ ಇರುತ್ತಿರಲಿಲ್ಲ ಎಂದೆ. ಆಗ ನನ್ನ ಮೇಲೇ ರೇಗಿದರು. ಬೇರೆಯವರ ಬಸ್ಸಿಗೆ ಜೀವ ಒಪ್ಪಿಸುವುದಕ್ಕೆ ತನಗೇನು ಹುಚ್ಚೇ ಎಂದು ಕೇಳಿದರು. ನೀವು ಇಳಿಜಾರಿನ ತಿರುವಿನಲ್ಲಿ ತಿರುಗಿಸುವಾಗ ಮಡಿಲಲ್ಲಿದ್ದ ಡಬ್ಬಿಯ ನೀರೂ ಅಲುಗುತ್ತಿರಲಿಲ್ಲವಂತೆ. ಕಣ್ಣು ಮುಚ್ಚಿ ಕೂರಬಹುದಿತ್ತಂತೆ. ಇದನ್ನು ನಿಮಗೆ ಬರೆಯಕೂಡದು ಎಂದು ಆಣೆ ಹಾಕಿಸಿಕೊಂಡಿದ್ದಾರೆ.

ಮನೆಗೆ ಬರುತ್ತಾರಂತೆ. ಆದರೆ ಶನಿವಾರ ಅವರದು. ಎಲ್ಲಿಗೆ, ಯಾಕೆ, ಯಾವಾಗ ಬರುತ್ತೀಯ ಎಂದು ಬಾಗಿಲಲ್ಲಿ ನಿಂತು ಕೇಳುವುದಿದ್ದರೆ ಈಗಲೇ ಹೇಳಿಬಿಡಿ, ಇಲ್ಲೇ ಇದ್ದುಬಿಡುತ್ತೇನೆ ಎಂದಿದ್ದಾರೆ. ತಮಾಷೆಗೆ ಹೇಳಿದ್ದಲ್ಲ ದೊಡ್ಡಪ್ಪ. ಇಲ್ಲೇ ಹತ್ತಿರದ ದರ್ಜಿ ಅಂಗಡಿಯಲ್ಲಿ ಕೆಲಸವನ್ನೂ ಕೇಳಿ ಬಂದಿದ್ದಾರೆ. ಯೋಚಿಸಿ ಬರೆಯಿರಿ.

ನಿಮ್ಮ ಮಗಳು


ಏಪ್ರಿಲ್ ೨೦

ಮಗಳೇ,

ಚಿಲ್ಲರೆಯ ಮನೆಗೆ ಹೋಗಿ ಕಾಲರು ಹಿಡಿದೆ. ಎಷ್ಟು ವರ್ಷದಿಂದ ಗೊತ್ತಿತ್ತೋ ನಿನಗೆ ಎಂದೆ. ಅವನು ಬಿಡಿಸಿಕೊಳ್ಳಲೂ ಇಲ್ಲ. ಮೊದಲನೇ ದಿನವೇ ಗೊತ್ತಿತ್ತು, ಪುಕ್ಕಟೆ ಹೋಗಿ ಅಕ್ಕಾ ಎಂದರೂ ಕೇಳದೆ ಟಿಕೆಟ್ ತೆಗೆದಳು, ತಾನು ಬದುಕಿನಲ್ಲಿ ಸರಿಯಾಗಿ ಚಿಲ್ಲರೆ ಕೊಟ್ಟದ್ದು ಅವಳೊಬ್ಬಳಿಗೇ ಎಂದ. ನನಗೆ ಯಾಕೆ ಹೇಳಲಿಲ್ಲ ಎಂದು ಕೂಗಿದೆ. ಅದಕ್ಕೆ ಆ ಮುಠ್ಠಾಳ ಹೇಳುತ್ತಾನೆ, ಪ್ಯಾಸೆಂಜರ್ ವಿಷಯ ಕಂಡಕ್ಟರದು, ಡ್ರೈವರು ತಲೆ ಹಾಕಬಾರದು. ನಾನೇ ಅವನಿಗೆ ಯಾವತ್ತೋ ಹೇಳಿದ್ದಂತೆ. ಕಾಲರು ಬಿಟ್ಟೆ. ಬಿಟ್ಟ ಮೇಲೆ ಅವನು ಇನ್ನೊಂದು ಹೇಳಿದ. ಹೋಗುವಾಗ ಒಂದು ಮುಖ, ಬರುವಾಗ ಇನ್ನೊಂದು ಮುಖ ಇರುತ್ತಿತ್ತು ಅವಳಿಗೆ, ಬರುವಾಗಿನದನ್ನು ನೀನು ನೋಡಬೇಕಿತ್ತು ಎಂದ. ಅವನ ಮನೆಯ ಜಗಲಿಯಲ್ಲೇ ಕೂತುಬಿಟ್ಟೆ.

ಹದಿನಾಲ್ಕು ದಿನಕ್ಕೆ ಉತ್ತರ ಬರೆಯುತ್ತಿದ್ದೇನೆ. ಇಷ್ಟು ಯೋಚನೆ ನಾನು ಲೈ‌ಸೆನ್ಸ್ ಪರೀಕ್ಷೆಗೂ ಮಾಡಿರಲಿಲ್ಲ. ಕೇಳುವುದಿಲ್ಲ ಅಂತ ಹೇಳು. ಬಾಗಿಲಲ್ಲಿ ನಿಲ್ಲುವುದಿಲ್ಲ ಅಂತ ಹೇಳು. ನಾಲಿಗೆ ತುರಿಸಿದರೆ ಹಿತ್ತಿಲಿಗೆ ಹೋಗುತ್ತೇನೆ.

ಒಲೆ ರಿಪೇರಿ ಮಾಡಿಸಿದ್ದೇನೆ. ಇದನ್ನು ಹೇಳಬೇಡ, ಬಂದು ನೋಡಲಿ.

ದೊಡ್ಡಪ್ಪ


ಮೇ ೧೬

ಡಾಕ್ಟರಮ್ಮನಿಗೆ,

ನಿನ್ನ ದೊಡ್ಡಮ್ಮ ಬಂದ ಮೇಲೆ ಎರಡು ಶನಿವಾರ ಹೋದಳು, ಬಂದಳು. ಎರಡು ಸಲವೂ ನಾನು ಹಿತ್ತಿಲಲ್ಲಿದ್ದೆ. ಮೂರನೇ ಶನಿವಾರ, ಅಂದರೆ ಮೊನ್ನೆ, ನಾನೂ ಅಂಗಿ ಹಾಕಿಕೊಂಡೆ. ಅವಳು ನೋಡಿದಳು. ಚಪ್ಪಲಿ ಮೆಟ್ಟಿ ಹೊರಟಳು. ನಾನು ನಾಲ್ಕು ಹೆಜ್ಜೆ ಹಿಂದೆ ಹೋದೆ. ಮಾರ್ಕೆಟ್ ಸ್ಟಾಪಿನಲ್ಲಿ ಅವಳು ಹಿಂದಿನ ಬಾಗಿಲಿನಿಂದ ಹತ್ತಿದಳು. ನಾನು ಮುಂದಿನದರಿಂದ ಹತ್ತಿ ನಡುವೆ ಎಲ್ಲೋ ಕೂತೆ. ದಾರಿಯಲ್ಲಿ ಒಂದು ಸಲವೂ ತಿರುಗಿ ನೋಡಲಿಲ್ಲ. ಕತ್ತು ಹಿಡಿದುಕೊಂಡಿತು.

ಕೊನೇ ಸ್ಟಾಪಿನಲ್ಲಿ ಅವಳು ಇಳಿದು ಓಣಿಯ ಕಡೆ ಹೋದಳು. ಕರೆಯಲಿಲ್ಲ. ನಾನು ಚಹಾದಂಗಡಿಯ ಬೆಂಚಿನಲ್ಲಿ ಕೂತೆ. ಆ ಓಣಿಯ ಬಾಯಿ ಅಲ್ಲಿಂದ ನೇರ ಕಾಣುತ್ತದೆ, ಇಷ್ಟು ವರ್ಷ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ ಅಂತ ಕಾಣುತ್ತದೆ. ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಕರೆಯದೆ ಹೋದರೆ ಅದೂ ಮುಂದಿನ ಸೀಟಿನಲ್ಲಿ ಕೂರಿಸಿದ ಹಾಗೇ ತಾನೆ.

ವಾಪಸಿನ ಬಸ್ಸಿನ ಹೊತ್ತಾಯಿತು. ಅವಳು ಇಲ್ಲ. ಆ ಎಳೆಯ ಡ್ರೈವರು ಎಂಜಿನ್ ಹಚ್ಚಿ ಹಾರನ್ ಹೊಡೆದ. ತಡವಾಗಿ ಬಂದ ಪ್ಯಾಸೆಂಜರಿಗಾಗಿ ನಾನು ಒಂದು ದಿನವೂ ಬಸ್ಸು ನಿಲ್ಲಿಸಿದವನಲ್ಲ, ಓಡಿ ಬಂದವರ ಮುಖಕ್ಕೆ ಹೊಗೆ ಬಿಟ್ಟು ಹೋದವನು. ಆದರೆ ಮೊನ್ನೆ ಏನಾಯಿತೋ, ಎದ್ದು ಹೋಗಿ ಬಸ್ಸಿನ ಮೂತಿಗೆ ಅಡ್ಡ ನಿಂತೆ. ಅವನು ಕಿಟಕಿಯಿಂದ ತಲೆ ಹಾಕಿ, ಅಜ್ಜಾ ಸಾಯ್ಬೇಕಾ ಎಂದು ಕೇಳಿದ. ಒಬ್ಬರು ಪ್ಯಾಸೆಂಜರು ಬರುವುದಿದೆ ಎಂದೆ. ಸಮಯವಾಯಿತು ಎಂದ. ಆಗಲಿ ಎಂದೆ. ಬಸ್ಸಿನಲ್ಲಿದ್ದವರೆಲ್ಲ ಬಾಯಿಗೆ ಬಂದಂತೆ ಬೈದರು. ನಾನು ಕಲಿಸಿಕೊಟ್ಟ ಬೈಗುಳಗಳೇ ಕೆಲವು ನನ್ನ ಮೇಲೆ ಬಿದ್ದವು.

ಆಮೇಲೆ ಅವಳು ಓಣಿಯಿಂದ ಬಂದಳು. ಅವಸರವಿಲ್ಲ. ಚಪ್ಪಲಿ ಕೈಯಲ್ಲಿ, ಕಾಲಿಗೆ ಕೆಸರು. ಚಿಲ್ಲರೆ ಹೇಳಿದ ಆ ಬರುವಾಗಿನ ಮುಖ ಇರುತ್ತದಲ್ಲ, ಅದು. ಮಗಳೇ, ಆ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಅನ್ನಿಸಿತು. ಬಸ್ಸಿನ ಮುಂದೆ ನಿಂತ ನನ್ನನ್ನು ನೋಡಿ ಅವಳೂ ನಿಂತಳು. ಆಮೇಲೆ ಹಿಂದಿನ ಬಾಗಿಲಿನಿಂದ ಹತ್ತಿದಳು. ಈ ಸಲ ನಾನೂ ಹಿಂದಿನಿಂದಲೇ ಹತ್ತಿದೆ. ಕೊನೆಯ ಸೀಟಿನಲ್ಲಿ ಕಿಟಕಿಯ ಕಡೆ ಕೂತು ಪಕ್ಕದಲ್ಲಿ ಚೀಲ ಇಟ್ಟಿದ್ದಳು. ನಾನು ಕಂಬ ಹಿಡಿದು ನಿಂತೆ. ಸ್ವಲ್ಪ ದೂರ ಹೋದ ಮೇಲೆ ಚೀಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಕೂತೆ. ಕೂತ ಮೇಲೆ ಗೊತ್ತಾಯಿತು, ಕೊನೆಯ ಸೀಟು ಎಂಥಾ ಏಟು ಹಾಕುತ್ತದೆ ಅಂತ. ಒಂದೊಂದು ಗುಂಡಿಗೂ ಬೆನ್ನುಮೂಳೆ ತಲೆಗೆ ಬಂದು ಬಡಿಯುತ್ತದೆ. ನನಗೆ ನಿಜವಾಗಿ ಗಾಬರಿಯಾಯಿತು. ನನ್ನ ಬಸ್ಸೂ ಹೀಗೇ ಎತ್ತಿಹಾಕುತ್ತಿತ್ತಾ ಎಂದು ಕೇಳಿದೆ. ಅವಳು ಕಿಟಕಿಯ ಹೊರಗೇ ನೋಡುತ್ತಾ ಹೇಳಿದಳು:

"ಇದಕ್ಕಿಂತ ಜಾಸ್ತಿ."

ನೀನು ಆಣೆ ಮುರಿದು ಬರೆದ ಡಬ್ಬಿಯ ನೀರಿನ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಸರಿ ಎಂದೆ, ಅಷ್ಟೇ.

ಬರುವ ಶನಿವಾರ ಒಬ್ಬಳೇ ಹೋಗುತ್ತಾಳಂತೆ. ಅದರ ಮುಂದಿನ ಶನಿವಾರ ನನ್ನನ್ನೂ ಕರೆದಿದ್ದಾಳೆ, ನೀರಿನವರೆಗೂ. ನನ್ನ ಟಿಕೆಟ್ ನಾನೇ ತೆಗೆಯಬೇಕಂತೆ.

ನಿನ್ನ ದೊಡ್ಡಪ್ಪ